ಪುಣ್ಯದ ಹಣಕ್ಕೂ ಲೆಕ್ಕ ಬೇಕು

ಗಣೇಶನ ಹಬ್ಬಕ್ಕೆ ಇನ್ನೂ ಹದಿನೈದು ದಿನ ಇರುವಾಗಲೇ ಶಿವಮೊಗ್ಗದ ಬಡಾವಣೆಗಳಲ್ಲಿ ರಸೀದಿ ಪುಸ್ತಕ ಹಿಡಿದ ಹುಡುಗರ ದಂಡು ಕಾಣಿಸಿಕೊಳ್ಳುತ್ತದೆ. ಮನೆಯ ಯಜಮಾನರು ನೂರರ ನೋಟು ಕೈಗಿಟ್ಟು, "ನಿಮಗೆ ಕೊಟ್ಟಿದ್ದಕ್ಕೆಲ್ಲ ರಸೀದಿ ಯಾಕೆ ಮಾರಾಯಾ, ಹೋಗ್ರೋ" ಎಂದು ಒಳಗೆ ಹೋಗುತ್ತಾರೆ. ನಂಬಿದರಲ್ಲ ಎಂದು ಹುಡುಗರಿಗೆ ಹೆಮ್ಮೆ. ವಿಸರ್ಜನೆಯಾಗಿ ವಾರ ಕಳೆದ ಮೇಲೆ ಲೆಕ್ಕಕ್ಕೆ ಕೂತಾಗ ಆ ಹೆಮ್ಮೆ ಇಳಿಯುತ್ತದೆ. ಶಾಮಿಯಾನದವನಿಗೆ ಮುಂಗಡ ಎಷ್ಟು ಹೋಯಿತು? ಹೂವಿನ ಬಾಕಿ ತೀರಿಸಿದವರು ಯಾರು? ರಸೀದಿ ಹರಿಯದೆ ಬಂದ ನೂರುಗಳು ಎಷ್ಟು? ಕದ್ದವರು ಯಾರೂ ಇಲ್ಲ; ಬರೆದಿಟ್ಟವರೂ ಯಾರೂ ಇಲ್ಲ. ಖಜಾಂಚಿ ಎನಿಸಿಕೊಂಡ ಹುಡುಗ ಕೈಯಿಂದಲೇ ದುಡ್ಡು ಹಾಕಿದ್ದರೂ ಅನುಮಾನದ ನೋಟ ಅವನ ಮೇಲೆಯೇ. ಮುಂದಿನ ವರ್ಷ ಅವನು ಆ ಕಡೆ ತಲೆ ಹಾಕುವುದಿಲ್ಲ.

ಬೀದಿಯ ಗಣಪತಿಗೆ ಸಲ್ಲುವ ಈ ಮಾತು ಊರಿನ ದೊಡ್ಡ ಸಂಸ್ಥೆಗಳಿಗೂ ಸಲ್ಲುತ್ತದೆ. ವ್ಯತ್ಯಾಸ ಇಷ್ಟೇ: ಅಲ್ಲಿ ನೂರರ ಬದಲು ಲಕ್ಷಗಳಿರುತ್ತವೆ, ಗೆಳೆಯರ ಬದಲು ಕಾಯ್ದೆ ಕೇಳುತ್ತದೆ.

ಕೊಟ್ಟು ಕಟ್ಟಿದ ಊರು

ಶಿವಮೊಗ್ಗ ಜನರ ದೇಣಿಗೆಯಿಂದ ಬೆಳೆದ ಸಂಸ್ಥೆಗಳ ಊರು. 1930ರಲ್ಲಿ ಹುಟ್ಟಿದ ಕರ್ನಾಟಕ ಸಂಘ ಇಂದಿಗೂ ಸಾಹಿತ್ಯದ ಕೆಲಸ ನಡೆಸುತ್ತಿದೆ. 1946ರ ರಾಷ್ಟ್ರೀಯ ಶಿಕ್ಷಣ ಸಮಿತಿ ಮತ್ತು ದೇಶೀಯ ವಿದ್ಯಾಶಾಲಾ ಸಮಿತಿ ತಲೆಮಾರುಗಳಿಗೆ ಓದು ಕೊಟ್ಟಿವೆ. ಇವುಗಳ ಜೊತೆಗೆ ಮಹಿಳಾ ಸಮಾಜ, ವಿದ್ಯಾರ್ಥಿ ನಿಲಯ, ಕ್ರೀಡಾ ಸಂಘ, ವೃದ್ಧಾಶ್ರಮ ಎಂದು ಹೆಸರು ಬೆಳೆಯುತ್ತಲೇ ಹೋಗುತ್ತದೆ. ಲಾಭ ಹಂಚಿಕೊಳ್ಳುವ ಮಾಲೀಕರು ಇವಕ್ಕೆ ಇಲ್ಲ. ಮಾಲೀಕನಿದ್ದ ಅಂಗಡಿಯಲ್ಲಿ ಹತ್ತು ರೂಪಾಯಿ ಕಡಿಮೆಯಾದರೆ ಅವನಿಗೆ ರಾತ್ರಿ ನಿದ್ದೆ ಬಾರದು. ಎಲ್ಲರಿಗೂ ಸೇರಿದ ಹಣಕ್ಕೆ ನಿದ್ದೆ ಕೆಡಿಸಿಕೊಳ್ಳುವವರು ಯಾರು? ಆ ಕೆಲಸವನ್ನು ಲೆಕ್ಕದ ಪುಸ್ತಕ ಮಾಡಬೇಕು. ಲಾಭಕ್ಕಲ್ಲದ ಸಂಸ್ಥೆಗೆ ಲೆಕ್ಕ ಹೆಚ್ಚು ಬೇಕಾಗುವುದು ಇದೇ ಕಾರಣಕ್ಕೆ.

ಮೂರು ಪುಸ್ತಕ, ಎರಡು ಸಹಿ

ಲೆಕ್ಕ ಎಂದರೆ ಹೆದರಬೇಕಾಗಿಲ್ಲ. ಸಣ್ಣ ಸಂಘಕ್ಕೆ ಮೊದಲು ಬೇಕಾದದ್ದು ಕ್ರಮಸಂಖ್ಯೆ ಅಚ್ಚಾದ, ನಕಲು ಉಳಿಯುವ ರಸೀದಿ ಪುಸ್ತಕ. ದಿನದಿನದ ಜಮಾ-ಖರ್ಚಿನ ನಗದು ಪುಸ್ತಕ. ಬಾಬ್ತುವಾರು ಖಾತೆ ಪುಸ್ತಕ. ಪ್ರತಿ ಖರ್ಚಿಗೂ ಬಿಲ್ಲು ಅಥವಾ ವೋಚರು ಇರಬೇಕು. ಚೆಕ್ಕಿಗೆ ಇಬ್ಬರ ಸಹಿ ಇದ್ದರೆ ಒಬ್ಬರ ಮರೆವನ್ನು ಇನ್ನೊಬ್ಬರು ಹಿಡಿಯುತ್ತಾರೆ. ತಿಂಗಳಿಗೊಮ್ಮೆ ನಗದು ಪುಸ್ತಕವನ್ನು ಬ್ಯಾಂಕಿನ ಪಾಸ್‌ಬುಕ್ಕಿನ ಜೊತೆ ತಾಳೆ ನೋಡಬೇಕು. ಈಗ ಬಹುತೇಕ ಕಡೆ ಕಂಪ್ಯೂಟರಿನಲ್ಲೇ ಲೆಕ್ಕ ಬರೆಯುತ್ತಾರೆ. ಆದರೆ ವೋಚರಿಲ್ಲದ ಖರ್ಚನ್ನು ಕಂಪ್ಯೂಟರಿಗೆ ಹಾಕಿದ ಮಾತ್ರಕ್ಕೆ ಅದು ಸತ್ಯವಾಗುವುದಿಲ್ಲ.

ವರ್ಷದ ಕೊನೆಗೆ ಎರಡು ಲೆಕ್ಕಗಳು ತಯಾರಾಗುತ್ತವೆ. ಹಣ ಎಷ್ಟು ಬಂತು, ಎಷ್ಟು ಹೋಯಿತು ಎನ್ನುವುದು ಪ್ರಾಪ್ತಿ-ಪಾವತಿ ಲೆಕ್ಕ. ಆ ವರ್ಷಕ್ಕೆ ನಿಜವಾಗಿ ಸಲ್ಲಬೇಕಾದದ್ದು ಎಷ್ಟು ಎನ್ನುವುದು ಆದಾಯ-ವೆಚ್ಚ ಲೆಕ್ಕ. ಮುಂದಿನ ವರ್ಷದ ಬಾಡಿಗೆಯನ್ನು ಮಾರ್ಚಿಯಲ್ಲೇ ಕೊಟ್ಟರೆ ಅದು ಮೊದಲನೆಯದರಲ್ಲಿ ಬರುತ್ತದೆ, ಎರಡನೆಯದರಲ್ಲಿ ಬರುವುದಿಲ್ಲ. ವಾಣಿಜ್ಯ ವಿದ್ಯಾರ್ಥಿಗಳು ಪರೀಕ್ಷೆಗೆಂದು ಕಲಿಯುವ ಈ ವ್ಯತ್ಯಾಸ ಗೊತ್ತಿಲ್ಲದೆ ಕೈಯಲ್ಲಿ ಹಣವಿದೆ ಎಂದುಕೊಂಡು ಖರ್ಚು ಮಾಡಿ ಮುಗ್ಗರಿಸಿದ ಸಂಘಗಳು ಕಡಿಮೆಯಲ್ಲ. ಇವೆರಡರ ಜೊತೆಗೆ ಆಸ್ತಿ-ಹೊಣೆಗಳ ಪಟ್ಟಿ ಸೇರಿದರೆ ಸಂಸ್ಥೆಯ ಪೂರ್ತಿ ಚಿತ್ರ ಸಿಗುತ್ತದೆ.

ಕೊಟ್ಟವರ ಮಾತು

ದೇಣಿಗೆಯಲ್ಲೂ ಬಗೆಗಳಿವೆ. "ಯಾವುದಕ್ಕಾದರೂ ಬಳಸಿ" ಎಂದು ಕೊಟ್ಟದ್ದು ಒಂದು. "ಬಾವಿ ತೋಡಿಸಿ" ಎಂದು ಕೊಟ್ಟದ್ದು ಇನ್ನೊಂದು. "ಮೂಲಧನ ಮುಟ್ಟಬೇಡಿ, ಬಡ್ಡಿಯಲ್ಲಿ ಪ್ರತಿ ವರ್ಷ ಬಹುಮಾನ ಕೊಡಿ" ಎನ್ನುವ ದತ್ತಿ ಮೂರನೆಯದು. ಶಾಲೆಯಲ್ಲಿ ಹೆಚ್ಚು ಅಂಕ ತೆಗೆದ ಮಗುವಿಗೆ ಯಾರದೋ ತಂದೆಯ ನೆನಪಿನಲ್ಲಿ ಸಿಗುವ ದತ್ತಿ ಬಹುಮಾನವನ್ನು ಎಲ್ಲರೂ ನೋಡಿದ್ದಾರೆ. ಆ ಠೇವಣಿಯನ್ನು ಒಂದು ವರ್ಷ ಸುಣ್ಣ-ಬಣ್ಣಕ್ಕೆ ಖರ್ಚು ಮಾಡಿಬಿಟ್ಟರೆ ಗೋಡೆ ಹೊಳೆಯುತ್ತದೆ, ಬಹುಮಾನ ನಿಂತುಹೋಗುತ್ತದೆ. ಅದಕ್ಕೇ ಇಂಥ ನಿಧಿಗಳನ್ನು ಲೆಕ್ಕದಲ್ಲಿ ಬೇರೆಯಾಗಿಯೇ ಇಡಬೇಕು. ದಾನಿ ತೀರಿಹೋದ ಮೇಲೂ ಅವರ ಮಾತನ್ನು ಉಳಿಸುವುದು ಆ ಬೇರೆ ಖಾತೆ.

ಇದಕ್ಕೆ ಭದ್ರಾವತಿಯ ನಂಟಿರುವ ಒಂದು ಹಿರಿಯ ಉದಾಹರಣೆ ಇದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ನರಳುತ್ತಿದ್ದಾಗ ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದನ್ನು ಹಳಿಗೆ ತಂದರು. ಆ ಸೇವೆಗೆ ತಮಗೆ ಸಲ್ಲಬೇಕಾದ ಹಣವನ್ನು ಮನೆಗೆ ಒಯ್ಯಲಿಲ್ಲ. ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ಸಂಸ್ಥೆ ಹಾಗೆ ರೂಪುಗೊಂಡಿತು. ಯಾವ ಉದ್ದೇಶಕ್ಕೆ ಕೊಟ್ಟರೋ ಆ ಉದ್ದೇಶಕ್ಕೇ ಹಣ ಸಲ್ಲಿದ್ದರಿಂದ ಆ ಕೊಡುಗೆ ಇಂದಿಗೂ ಕಣ್ಣಿಗೆ ಕಾಣುತ್ತದೆ.

ಕಾಯ್ದೆ ಏನು ಕೇಳುತ್ತದೆ?

ಕನಿಷ್ಠ ಏಳು ಜನ ಸೇರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಬಹುದು. ನೋಂದಣಿಯ ದಿನ ಫೋಟೊ ತೆಗೆಸಿಕೊಳ್ಳುವ ಉತ್ಸಾಹ ಆಮೇಲೆ ಇರುವುದಿಲ್ಲ. ಪ್ರತಿ ವರ್ಷ ಸರ್ವ ಸದಸ್ಯರ ಸಭೆ ಸೇರಬೇಕು, ಪರಿಶೋಧಿತ ಲೆಕ್ಕವನ್ನು ಅದರ ಮುಂದಿಡಬೇಕು. ಸಭೆ ನಡೆದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ವರ್ಷಗಟ್ಟಲೆ ಇದನ್ನು ಮರೆತ ಸಂಘ ಅನುದಾನಕ್ಕೆ ಅರ್ಜಿ ಹಾಕುವಾಗ ದಂಡ ಕಟ್ಟಲು ಓಡಾಡಬೇಕಾಗುತ್ತದೆ.

ಎರಡನೆಯದು ಆದಾಯ ತೆರಿಗೆ. ಹನ್ನೆರಡು ಎ, ಎಂಬತ್ತು ಜಿ ಎಂಬ ಹೆಸರುಗಳು 1961ರ ಕಾಯ್ದೆಯವು. ಅದರ ಬದಲು 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಕಲಮುಗಳ ಸಂಖ್ಯೆ ಬದಲಾದರೂ ತಿರುಳು ಹಾಗೆಯೇ ಇದೆ: ಸೇವಾ ಸಂಸ್ಥೆ ತೆರಿಗೆ ವಿನಾಯಿತಿ ಬಯಸಿದರೆ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು, ಆದಾಯದ ಶೇಕಡಾ 85ರಷ್ಟನ್ನು ತನ್ನ ಉದ್ದೇಶಕ್ಕೆ ಬಳಸಬೇಕು.

ಒಂದು ಲೆಕ್ಕ ಮಾಡಿ ನೋಡಬಹುದು. ಒಂದು ವಿದ್ಯಾರ್ಥಿ ನಿಲಯದ ವರ್ಷದ ಆದಾಯ 4,00,000 ರೂಪಾಯಿ ಎಂದುಕೊಳ್ಳೋಣ. ಅದರ ಶೇಕಡಾ 85 ಎಂದರೆ 3,40,000. ನಿಲಯ ಖರ್ಚು ಮಾಡಿದ್ದು 2,90,000. ಕೊರತೆ 50,000. ಹೊಸ ಕೊಠಡಿಗೆಂದು ಅದನ್ನು ಕೂಡಿಡಬೇಕಿದ್ದರೆ ಉದ್ದೇಶವನ್ನೂ ಅವಧಿಯನ್ನೂ ಇಲಾಖೆಗೆ ಸಕಾಲದಲ್ಲಿ ತಿಳಿಸಬೇಕು. ಅವಧಿ ಐದು ವರ್ಷ ಮೀರಬಾರದು. ತಿಳಿಸದೆ ಸುಮ್ಮನಿದ್ದರೆ ಮಕ್ಕಳ ಊಟಕ್ಕೆ ಬಂದ ಹಣದ ಮೇಲೆ ತೆರಿಗೆ ಬೀಳುತ್ತದೆ. ತಪ್ಪು ಉದ್ದೇಶದಲ್ಲಿಲ್ಲ, ಒಂದು ನಮೂನೆಯನ್ನು ಮರೆತದ್ದರಲ್ಲಿದೆ.

ದಾನಿಗಳೂ ಗಮನಿಸಬೇಕಾದ ಅಂಶವಿದೆ. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾನ್ಯತೆ ಪಡೆದ ಸಂಸ್ಥೆಗೆ ಕೊಟ್ಟ ದೇಣಿಗೆಯ ಮೇಲೆ ರಿಯಾಯಿತಿ ಉಂಟು. ಆದರೆ 2,000 ರೂಪಾಯಿ ಮೀರಿ ನಗದಾಗಿ ಕೊಟ್ಟರೆ ಅದು ಸಿಗದು.

ಪರದೇಶದ ಹಣದ್ದು ಇನ್ನೂ ಬಿಗಿಯಾದ ದಾರಿ. ಇದೇ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, 1980ರ ದಶಕದಲ್ಲಿ ಫೋರ್ಡ್ ಫೌಂಡೇಷನ್ ನೆರವಿನಿಂದ 'ಜನಸ್ಪಂದನ' ಎಂಬ ರಂಗ ಮತ್ತು ಚಲನಚಿತ್ರ ಯೋಜನೆ ನಡೆಸಿತು. ಹಳ್ಳಿಯ ಸಂಸ್ಥೆಗೂ ಹೊರದೇಶದ ನೆರವು ಬರಬಹುದು ಎನ್ನುವುದಕ್ಕೆ ಇದು ಸಾಕ್ಷಿ. ಈಗ ಅಂಥ ಹಣಕ್ಕೆ 2010ರ ವಿದೇಶಿ ವಂತಿಗೆ ಕಾಯ್ದೆಯಡಿ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿ ಈ ಹಣವನ್ನು ಮೊದಲು ಸ್ಟೇಟ್ ಬ್ಯಾಂಕಿನ ದೆಹಲಿಯ ಮುಖ್ಯ ಶಾಖೆಯಲ್ಲೇ ಪಡೆಯಬೇಕೆಂದು ವಿಧಿಸಿತು. ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿತು.

ಆಡಿಟರು ಬಂದ ಮೇಲೆ

ಆಡಿಟ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಚೀಲದ ತುಂಬ ಬಿಲ್ಲು ತಂದು ಸುರಿದರೆ ಆಡಿಟರು ಎಲ್ಲ ಸರಿ ಮಾಡಿಕೊಡುತ್ತಾರೆ ಎಂಬ ನಂಬಿಕೆ. ಲೆಕ್ಕ ಬರೆಯುವುದು ಸಂಸ್ಥೆಯ ಕೆಲಸ. ಬರೆದದ್ದನ್ನು ಪರೀಕ್ಷಿಸುವುದು ಆಡಿಟರ ಕೆಲಸ. ರಸೀದಿಯ ಕ್ರಮಸಂಖ್ಯೆಯಲ್ಲಿ ಎಲ್ಲಿ ಬಿಟ್ಟುಹೋಗಿದೆ, ಠರಾವಿಲ್ಲದೆ ಯಾವ ದೊಡ್ಡ ಖರ್ಚಾಗಿದೆ, ಪದಾಧಿಕಾರಿಯ ಬಂಧುವಿಗೇ ಗುತ್ತಿಗೆ ಹೋಗಿದೆಯೇ ಎಂದು ಅವರು ನೋಡುತ್ತಾರೆ. ಆದರೆ ಒಂದೊಂದು ಇಟ್ಟಿಗೆಯನ್ನೂ ಎಣಿಸಲು ಅವರಿಂದಾಗದು. ಮಹಾಸಭೆಯಲ್ಲಿ ಎದ್ದು ನಿಂತು, "ಕಳೆದ ವರ್ಷಕ್ಕಿಂತ ಈ ಬಾಬ್ತು ಯಾಕೆ ಹೆಚ್ಚಾಗಿದೆ ಸಾರ್?" ಎಂದು ಕೇಳುವ ಸದಸ್ಯರೂ ಬೇಕು. ಕಾಫಿ ಬಂತೆಂದು "ಓದಿದಂತೆ ಭಾವಿಸಲಾಗಿದೆ" ಎನ್ನುವ ಸಭೆಯಲ್ಲಿ ಎಂಥ ಆಡಿಟೂ ವ್ಯರ್ಥ.

ಭದ್ರಾವತಿಯ ಮಕ್ಕಳಿಗೆ

ಭದ್ರಾವತಿಯಲ್ಲಿ ಒಂದು ಕಾಲಕ್ಕೆ ಹತ್ತನೇ ತರಗತಿ ಮುಗಿಸಿದ ಹುಡುಗನ ದಾರಿ ಕಬ್ಬಿಣದ ಕಾರ್ಖಾನೆಗೋ ಕಾಗದದ ಕಾರ್ಖಾನೆಗೋ ಹೋಗುತ್ತಿತ್ತು. ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆಯ ಮುಂದೆಯೂ ಮುಚ್ಚುವ ಭೀತಿ ಸುಳಿದಾಡಿತು. ಅಪ್ಪ ಪಾಳಿ ಮಾಡಿದ ಗೇಟಿನತ್ತ ಮಗ ಹೋಗಲಾರದ ಮನೆಗಳಲ್ಲಿ, ಮುಂದೇನು ಎಂಬುದು ಊಟದ ಹೊತ್ತಿನ ಮಾತು.

ಲೆಕ್ಕ ಬಲ್ಲವರ ಕೊರತೆ ಸೇವಾ ಸಂಸ್ಥೆಗಳಿಗೆ ಇದ್ದೇ ಇದೆ. ಬಿ.ಕಾಂ. ಓದಲು ಊರಿನಲ್ಲೇ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಸರ್ಕಾರಿ ಕಾಲೇಜಿದೆ. ಶಿವಮೊಗ್ಗದಲ್ಲಿ ಆಚಾರ್ಯ ತುಳಸಿ ವಾಣಿಜ್ಯ ಕಾಲೇಜಿದೆ. ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ. ಸಿ.ಎ. ಆಗಬೇಕೆನ್ನುವವರು ಪಿ.ಯು.ಸಿ. ನಂತರ ಫೌಂಡೇಷನ್, ಇಂಟರ್‌ಮೀಡಿಯೆಟ್, ಫೈನಲ್ ಎಂಬ ಮೂರು ಮೆಟ್ಟಿಲು ಹತ್ತಬೇಕು. 2023ರ ಹೊಸ ಕ್ರಮದಲ್ಲಿ ಆಡಿಟರ ಬಳಿ ಕೆಲಸ ಕಲಿಯುವ ಅವಧಿ ಎರಡು ವರ್ಷ. ಅಷ್ಟು ದೂರ ಹೋಗದಿದ್ದರೂ ಶಾಲೆ, ಆಸ್ಪತ್ರೆ, ಟ್ರಸ್ಟುಗಳಲ್ಲಿ ಅಚ್ಚುಕಟ್ಟಾಗಿ ಲೆಕ್ಕ ಬರೆದು ನಮೂನೆಗಳನ್ನು ಹೊತ್ತಿಗೆ ಸರಿಯಾಗಿ ಸಲ್ಲಿಸಬಲ್ಲ ಪದವೀಧರರಿಗೆ ಕೆಲಸವುಂಟು.

ಕಲಿಕೆ ಕಾಲೇಜಿನಲ್ಲೇ ಶುರುವಾಗಬೇಕೆಂದಿಲ್ಲ. ಪ್ರವಾಸದ ವಂತಿಗೆ, ಶಾಲಾ ವಾರ್ಷಿಕೋತ್ಸವ, ಬೀದಿಯ ಗಣಪತಿ ಯಾವುದಾದರೂ ಸಾಕು. ಮಗ ಅಥವಾ ಮಗಳು ಖಜಾಂಚಿಯಾದರೆ, "ನಮಗ್ಯಾಕೆ ಆ ತಲೆನೋವು" ಎನ್ನುವ ಬದಲು ತಂದೆತಾಯಿ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಡಲಿ. ಹಬ್ಬ ಮುಗಿದ ಮೇಲೆ ಜಮಾ-ಖರ್ಚಿನ ಒಂದು ಹಾಳೆಯನ್ನು ಪೆಂಡಾಲಿನ ಕಂಬಕ್ಕೆ ಅಂಟಿಸಲು ಹೇಳಲಿ.

ಇನ್ನು ಬಾಗಿಲಿಗೆ ಬಂದ ಹುಡುಗರಿಗೆ ನೂರರ ನೋಟು ಕೊಡುವಾಗ ರಸೀದಿ ಕೇಳುವುದು ಅವಮಾನವಲ್ಲ. ಆ ಚೀಟಿ ಕೊಟ್ಟವರಿಗಿಂತ ಹೆಚ್ಚಾಗಿ, ಹಣ ಹಿಡಿದು ಹೋಗುವ ಹುಡುಗನನ್ನು ಕಾಯುತ್ತದೆ.