ನಿಮಗಿದು ಗೊತ್ತೇ? ಭಾರ ಎತ್ತುವ ಮೈಯ ಖರ್ಚು-ವೆಚ್ಚ

ಬಂಕಾಪುರ, ಶಿಗ್ಗಾವಿ, ಹಾನಗಲ್ಲ, ಸವಣೂರು ಸೀಮೆಗೆ ಭಾರ ಎತ್ತುವುದು ಹೊಸದಲ್ಲ. ಗರಡಿಯಲ್ಲಿ ಎತ್ತುತ್ತಾರೆ, ಜಾತ್ರೆಯಲ್ಲಿ ಎತ್ತುತ್ತಾರೆ, ಹೊಟ್ಟೆಪಾಡಿಗೂ ಎತ್ತುತ್ತಾರೆ. ಈಗಿನ ಹುಡುಗರು ಜಿಮ್ಮಿಗೂ ಹೋಗುತ್ತಾರೆ. ಎತ್ತುವಾಗ ಮೈ ಎಷ್ಟು ಉರಿಸುತ್ತದೆ, ಇಳಿಸಿದ ಮೇಲೆ ಎಷ್ಟು? ಲೆಕ್ಕ ಇಲ್ಲಿದೆ. (ಕ್ಯಾಲರಿ ಎಂದಲ್ಲೆಲ್ಲ ಆಹಾರದ ಲೆಕ್ಕದ ಕಿಲೋಕ್ಯಾಲರಿ ಎಂದೇ ತಿಳಿಯಿರಿ.)

● ಬಂಕಾಪುರ ಕೋಟೆಯೊಳಗಿನ ನಗರೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಅದೇ ವಂಶದ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ‘ಮಲ್ಲವಿನೋದ’ ಎಂಬ ಅಧ್ಯಾಯವೇ ಇದೆ. ಜಟ್ಟಿಗಳ ಸಾಮು, ಅವರ ಊಟ ಎರಡನ್ನೂ ಅದು ವಿವರಿಸುತ್ತದೆ. ಭಾರ ಎತ್ತುವ ಸಾಮಿಗೆ ಅಲ್ಲಿರುವ ಹೆಸರು ‘ಭಾರಶ್ರಮ’. ದುಡಿತದ ಜೊತೆಗೇ ಉಣಿಸನ್ನೂ ಹೇಳಬೇಕೆಂಬ ತಿಳಿವಳಿಕೆ ಒಂಬತ್ತು ಶತಮಾನಗಳಷ್ಟು ಹಳೆಯದು.

● ಉತ್ತರ ಕರ್ನಾಟಕದ ಊರುಗಳಲ್ಲಿ ಗುಡಿಯ ಮುಂದೆ ಬಿದ್ದಿರುವ ಸಂಗ್ರಾಣಿ ಕಲ್ಲನ್ನು ನೋಡಿರುತ್ತೀರಿ. 100 ಕಿಲೋ ತೂಕದ ಕಲ್ಲನ್ನು ಒಂದು ಮೀಟರ್ ಎತ್ತಲು ಬೇಕಾದ ಕೆಲಸ 980 ಜೂಲ್. ಕ್ಯಾಲರಿಯಲ್ಲಿ ಹೇಳಿದರೆ ಕಾಲು ಕ್ಯಾಲರಿಯೂ ಇಲ್ಲ!

● ಕುಂದಾಪುರ ಸೀಮೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಸಿಕ್ಕ ಮೊದಲ ಪದಕ ಅದು. ಅವರ ಕ್ಲೀನ್ ಅಂಡ್ ಜರ್ಕ್ 138 ಕಿಲೋ. ಎತ್ತರ ಎರಡು ಮೀಟರ್ ಎಂದು ಹಿಡಿದರೂ ಕಬ್ಬಿಣದ ಮೇಲೆ ನಡೆದ ಕೆಲಸ ಮುಕ್ಕಾಲು ಕ್ಯಾಲರಿ ದಾಟುವುದಿಲ್ಲ. ಪದಕದ ಬೆಲೆ ಇರುವುದು ಆ ಒಂದು ಎತ್ತಿನಲ್ಲಲ್ಲ, ಅದರ ಹಿಂದಿನ ವರ್ಷಗಳ ಸಾಮಿನಲ್ಲಿ.

● ಮೈಗೆ ಮಾತ್ರ ಖರ್ಚು ಇದರ ನಾಲ್ಕೈದು ಪಟ್ಟು. ಸ್ನಾಯು ಉರಿಸಿದ ಶಕ್ತಿಯಲ್ಲಿ ಕೆಲಸವಾಗಿ ಹೊರಬರುವುದು ಸುಮಾರು 20ರಿಂದ 25 ಶೇಕಡಾ. ಉಳಿದದ್ದೆಲ್ಲ ಶಾಖ. ಪೈಲ್ವಾನ ಬೆವರುವುದು ಅದಕ್ಕೇ. ಸ್ನಾಯುವಿನ ಈ ಶಾಖವನ್ನು ಅಳೆದುದಕ್ಕಾಗಿಯೇ ಬ್ರಿಟನ್ನಿನ ಎ.ವಿ. ಹಿಲ್ ಅವರಿಗೆ 1922ರ ನೊಬೆಲ್ ಬಂತು.

● ಕಲ್ಲನ್ನು ಹೆಗಲ ಮೇಲೆ ಹೊತ್ತು ಅಲುಗಾಡದೆ ನಿಂತರೆ? ಭೌತಶಾಸ್ತ್ರದ ಲೆಕ್ಕದಲ್ಲಿ ಕೆಲಸ ಸೊನ್ನೆ. ಮೈಯ ಲೆಕ್ಕದಲ್ಲಿ ಹಾಗಲ್ಲ. ಬಿಗಿ ಹಿಡಿದಿರಲು ಸ್ನಾಯುವಿನ ಎಳೆಗಳು ಕ್ಷಣಕ್ಷಣವೂ ಶಕ್ತಿ ಉರಿಸುತ್ತಲೇ ಇರುತ್ತವೆ.

● ಗೋವಿನಜೋಳದ ಸುಗ್ಗಿಯಲ್ಲಿ ಲಾರಿ ತುಂಬುವ ಹಮಾಲರನ್ನು ನಿಂತು ನೋಡಿ. ಇಬ್ಬರು ಚೀಲ ಎತ್ತಿ ಕೊಡುತ್ತಾರೆ. ಹೊರುವವ ತಲೆಗೆ ವಸ್ತ್ರ ಸುತ್ತಿ, ಬೆನ್ನು ಬಾಗಿಸಿ ಅದನ್ನು ಹೊತ್ತು, ಲಾರಿಗೆ ಓರೆಯಾಗಿ ಇಟ್ಟ ಹಲಗೆಯ ಮೇಲೆ ಹೆಜ್ಜೆ ಜಾರದಂತೆ ಹತ್ತುತ್ತಾನೆ. ಚೀಲ 50 ಕಿಲೋ, ಆತ 60 ಕಿಲೋ, ಲಾರಿಯ ಎತ್ತರ 1.2 ಮೀಟರ್ ಎಂದುಕೊಳ್ಳಿ. ಪ್ರತಿ ಸಲವೂ ಚೀಲಕ್ಕಿಂತ ಹೆಚ್ಚಿನ ಭಾರವಾಗಿ ತನ್ನ ಮೈಯನ್ನೇ ಆತ ಮೇಲಕ್ಕೆ ಹೊರುತ್ತಾನೆ! 200 ಚೀಲಕ್ಕೆ ಹತ್ತುವ ಖರ್ಚೇ 250ರಿಂದ 300 ಕ್ಯಾಲರಿ. ಇಳಿಯುವುದು, ನಡೆಯುವುದು, ಬಿಗಿ ಹಿಡಿಯುವುದು ಬೇರೆ.

● ಎತ್ತುವುದಕ್ಕಿಂತ ಇಳಿಸುವುದು ಅಗ್ಗ. 1952ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಬೆನ್ನಿಗೆ ಬೆನ್ನು ಮಾಡಿ ಎರಡು ಸೈಕಲ್ ಜೋಡಿಸಿದರು. ಒಬ್ಬರು ಪೆಡಲ್ ತುಳಿಯುವುದು, ಇನ್ನೊಬ್ಬರು ಭಾರ ಇಳಿಸುವಾಗಿನಂತೆ ಅದನ್ನು ತಡೆಯುವುದು. ಬಲ ಇಬ್ಬರದೂ ಸಮ. ಆದರೆ ತಡೆಯುವವರಿಗೆ ಬೇಕಾದ ಆಮ್ಲಜನಕ ತೀರ ಕಡಿಮೆ.

● ಮರುದಿನದ ಮೈಕೈ ನೋವನ್ನು ಹೆಚ್ಚಾಗಿ ತರುವುದೂ ಈ ಇಳಿಸುವ ಕೆಲಸವೇ. ಲ್ಯಾಕ್ಟಿಕ್ ಆಮ್ಲ ಕೂತಿದ್ದಕ್ಕೆ ನೋವು ಎಂಬ ಮಾತು ಸರಿಯಲ್ಲ. ಸಾಮು ಮುಗಿದು ಒಂದೆರಡು ತಾಸಿನಲ್ಲಿ ಅದು ರಕ್ತದಿಂದ ಇಳಿದುಹೋಗಿರುತ್ತದೆ. ಎಳೆಗಳಿಗೆ ಆದ ಸಣ್ಣ ಗಾಸಿ, ಅದರ ದುರಸ್ತಿ, ಇವೇ ನೋವಿನ ಮೂಲ.

● ಜೋರಾಗಿ ಎತ್ತುವ ಮೊದಲ ಹತ್ತು ಸೆಕೆಂಡು ಸ್ನಾಯು ಉಸಿರನ್ನು ಕಾಯುವುದಿಲ್ಲ. ತನ್ನಲ್ಲೇ ಕೂಡಿಟ್ಟ ಫಾಸ್ಫೋಕ್ರಿಯೇಟಿನ್ ಖರ್ಚು ಮಾಡುತ್ತದೆ, ಆಮೇಲೆ ಗ್ಲೈಕೋಜನ್‌ಗೆ ಕೈ ಹಾಕುತ್ತದೆ. ಭಾರ ಕೆಳಗಿಟ್ಟ ಮೇಲೆ ಏದುಸಿರು ಬರುವುದು ಈ ಸಾಲ ತೀರಿಸಲು.

● ‘ಆಮ್ಲಜನಕದ ಸಾಲ’ ಎಂಬ ಮಾತನ್ನು 1920ರ ದಶಕದಲ್ಲಿ ಬಳಕೆಗೆ ತಂದವರೂ ಹಿಲ್ ಅವರೇ. ಸಾಮಿನ ನಂತರದ ಹೆಚ್ಚುವರಿ ಉಸಿರಿಗೆ ಏರಿದ ಮೈಶಾಖ, ಹಾರ್ಮೋನು, ಎದೆಬಡಿತ ಎಲ್ಲವೂ ಕಾರಣ ಎಂದು 1984ರಲ್ಲಿ ಗೇಸರ್ ಮತ್ತು ಬ್ರೂಕ್ಸ್ ತೋರಿಸಿದ ಮೇಲೆ ಆ ಹೆಸರು ಹಿಂದೆ ಸರಿಯಿತು.

● ಹಗುರದಿಂದ ಮಧ್ಯಮ ಭಾರದ ಸಾಮಿಗೆ ಸುಮ್ಮನೆ ಕೂತಿರುವುದರ ಸುಮಾರು ಮೂರೂವರೆ ಪಟ್ಟು ಖರ್ಚು. ಜೋರಿನ ಸಾಮಿಗೆ ಆರು ಪಟ್ಟು. 60 ಕಿಲೋ ತೂಕದವರಿಗೆ ತಾಸಿಗೆ 210ರಿಂದ 360 ಕ್ಯಾಲರಿ. ಜಿಮ್ಮಿನ ಒಂದು ತಾಸಿನಲ್ಲಿ ದಣಿವಾರಿಸಿಕೊಳ್ಳುವ ಹೊತ್ತೇ ಹೆಚ್ಚಾದ್ದರಿಂದ ಲೆಕ್ಕ ಇಷ್ಟಕ್ಕೆ ನಿಲ್ಲುತ್ತದೆ. ದಂಡ, ಬಸ್ಕಿಗಳನ್ನು ಬಿಡುವಿಲ್ಲದೆ ಹುರುಪಿನಿಂದ ಹೊಡೆದರೆ ಎಂಟು ಪಟ್ಟಿನವರೆಗೆ ಏರುತ್ತದೆ.

● 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 170 ಕ್ಯಾಲರಿ. ಮಧ್ಯಮ ಸಾಮಿನ ಒಂದು ತಾಸು ಹೆಚ್ಚುವರಿಯಾಗಿ ಉರಿಸುವುದು ಹೆಚ್ಚೂಕಡಿಮೆ ಅಷ್ಟೇ.

● ‘ಸಾಮು ಬಿಟ್ಟ ಮೇಲೂ ದಿನವಿಡೀ ಕೊಬ್ಬು ಕರಗುತ್ತದೆ’ ಎಂಬ ಜಾಹೀರಾತು ನೋಡಿದ್ದೀರಾ? ನಂತರದ ಉರಿ ನಿಜ, ಆದರೆ ಸಣ್ಣದು: ಸಾಮಿನ ಹೊತ್ತಿನ ಖರ್ಚಿನ 6ರಿಂದ 15 ಶೇಕಡಾ. 2002ರ ಒಂದು ಅಧ್ಯಯನದಲ್ಲಿ ಅರ್ಧ ತಾಸಿನ ಕಠಿಣ ಸಾಮಿನ ನಂತರ 38 ತಾಸಿನವರೆಗೂ ಆಮ್ಲಜನಕದ ಬಳಕೆ ಹೆಚ್ಚೇ ಇತ್ತು. ಅದರಲ್ಲಿ ಇದ್ದವರು ಏಳೇ ಜನ ಎಂಬುದನ್ನೂ ನೆನಪಿಡಿ.

● ದೊಡ್ಡ ಕೆಲಸ ನಡೆಯುವುದು ಬೇರೆ ಕಡೆ. ಒಂದು ಸಲದ ಭಾರದ ಸಾಮಿನ ನಂತರ ಸ್ನಾಯುವಿನಲ್ಲಿ ಪ್ರೋಟೀನ್ ಕಟ್ಟುವ ವೇಗ 48 ತಾಸಿನವರೆಗೂ ಏರಿಯೇ ಇರುತ್ತದೆ. ಆ ಎರಡು ದಿನದ ಊಟ-ನಿದ್ದೆಯೂ ಸಾಮಿನ ಭಾಗವೇ.

● ಒಂದು ಕಿಲೋ ಸ್ನಾಯು ಸುಮ್ಮನಿದ್ದಾಗ ದಿನಕ್ಕೆ ಉರಿಸುವುದು ಸುಮಾರು 13 ಕ್ಯಾಲರಿ. ಒಂದು ಕಿಲೋ ಕೊಬ್ಬು ನಾಲ್ಕೂವರೆ. ‘ಸ್ನಾಯು ಬೆಳೆಸಿದರೆ ಕೂತಲ್ಲೇ ತೂಕ ಇಳಿಯುತ್ತದೆ’ ಎಂದು ನಂಬಬೇಡಿ.

● ಕೈಗಡಿಯಾರ ತೋರಿಸುವ ಕ್ಯಾಲರಿಯನ್ನೂ ಪೂರ್ತಿ ನಂಬಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ಏಳು ಸಾಧನಗಳನ್ನು ಪರೀಕ್ಷಿಸಿದಾಗ ಇದ್ದುದರಲ್ಲಿ ಒಳ್ಳೆಯದೂ ಸರಾಸರಿ 27 ಶೇಕಡಾ ತಪ್ಪಿತ್ತು. ಭಾರ ಎತ್ತುವಾಗ ಎದೆಬಡಿತ ಏರಿದಷ್ಟು ಆಮ್ಲಜನಕದ ಬಳಕೆ ಏರುವುದಿಲ್ಲ. ಬಡಿತ ನೋಡಿ ಲೆಕ್ಕ ಹಾಕುವ ಗಡಿಯಾರ ಎಡವುವುದು ಅಲ್ಲೇ.

● ಉಸಿರು ಬಿಗಿಹಿಡಿದು ಎತ್ತಬೇಡಿ. ಕಾಲಿನಿಂದ ಅತಿ ಭಾರ ಒತ್ತುತ್ತಿದ್ದ ಪಳಗಿದ ದೇಹದಾರ್ಢ್ಯಪಟುಗಳಲ್ಲಿ ಆ ಕ್ಷಣದ ರಕ್ತದೊತ್ತಡ ಸರಾಸರಿ 320/250ಕ್ಕೆ ಏರಿದ್ದನ್ನು 1985ರಲ್ಲಿ ಕೆನಡಾದಲ್ಲಿ ಅಳೆದಿದ್ದಾರೆ. ಬಿಪಿ ಇರುವವರು ವೈದ್ಯರನ್ನು ಕೇಳಿಯೇ ಶುರು ಮಾಡಿ.

● ಹಾಗಾದರೆ ಭಾರ ಎತ್ತುವುದು ಯಾಕೆ? ಬಲಕ್ಕೆ. 1990ರಲ್ಲಿ ಅಮೆರಿಕದಲ್ಲಿ ಸರಾಸರಿ 90 ವಯಸ್ಸಿನ ಹತ್ತು ಹಿರಿಯರು ಎಂಟು ವಾರ ಕಾಲಿಗೆ ಭಾರದ ಸಾಮು ಮಾಡಲು ಮುಂದೆ ಬಂದರು. ಪೂರೈಸಿದವರ ಕಾಲಿನ ಬಲ ಸರಾಸರಿ 174 ಶೇಕಡಾ ಹೆಚ್ಚಿತು. ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆಲ್ಲ ಹೇಳುವುದು ಇದಕ್ಕೇ.

● ಒಬ್ಬ ಹೊರಬಹುದಾದ ಭಾರಕ್ಕೂ ಮಿತಿ ಉಂಟು. 1967ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಗಂಡಸರಿಗೆ 55 ಕಿಲೋ ಮೀರಬಾರದೆಂದು ಶಿಫಾರಸು ಮಾಡಿತು. 50 ಕಿಲೋ ಇದ್ದ ನಮ್ಮ ಯೂರಿಯಾ ಚೀಲ 2018ರಿಂದ 45 ಕಿಲೋ ಆಗಿದೆ.

● ರಾಷ್ಟ್ರೀಯ ಪೋಷಣಾ ಸಂಸ್ಥೆಯ (ಐಸಿಎಂಆರ್-ಎನ್‌ಐಎನ್) 2020ರ ಲೆಕ್ಕದಲ್ಲಿ ಕೂತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 2,110 ಕ್ಯಾಲರಿ ಬೇಕು; ಕಷ್ಟದ ದುಡಿಮೆಯವನಿಗೆ 3,470. ಹೆಂಗಸರಿಗೆ 1,660 ಮತ್ತು 2,720. ಜಿಮ್ಮಿಗೆ ಹೋಗುವವರಿಗೆ ಸಾಮಿನ ನಡುವೆ ಬಿಡುವಿನ ದಿನ ಇರುತ್ತದೆ, ಚೀಲ ಹೊರುವವರಿಗೆ ಇರುವುದಿಲ್ಲ. ಸ್ನಾಯು ಕಟ್ಟಿಕೊಳ್ಳಲು ಬೇಕಾದ ಹೊತ್ತು, ಊಟ ಇಬ್ಬರಿಗೂ ಒಂದೇ. ಹಮಾಲಿಯ ದರ ಕಟ್ಟುವಾಗ ಚೀಲಗಳ ಜೊತೆ ಆ ಊಟವನ್ನೂ ಬಿಡುವನ್ನೂ ಎಣಿಸಬೇಕು.