ಹನ್ನೊಂದು ತಿಂಗಳು ಅಟ್ಟದ ಮೇಲಿರುವ ಗಿಡ

ಪ್ಲಾಸ್ಟಿಕ್ಕಿನ ಕ್ರಿಸ್‌ಮಸ್ ಗಿಡ ವರ್ಷಕ್ಕೆ ಮೂರು ವಾರ ಪಡಸಾಲೆಯಲ್ಲಿ ನಿಂತಿರುತ್ತದೆ, ಉಳಿದ ದಿನವೆಲ್ಲ ಅಟ್ಟದ ಮೇಲೆ ಬಿದ್ದಿರುತ್ತದೆ. ಜಹೀರಾಬಾದ್, ನಾರಾಯಣಖೇಡ್, ತಾಂಡೂರಿನ ಕಡೆ ಅಟ್ಟ ಎಂದರೆ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ. ಎಷ್ಟೋ ಮನೆಗಳಲ್ಲಿ ಮೇಲೆ ತಗಡು, ಪಕ್ಕದಲ್ಲಿ ಜೋಳದ ಚೀಲ, ಚೀಲಕ್ಕೆ ಬಂದ ಇಲಿ. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದರೆ ತಗಡಿನ ಕೆಳಗೆ ಇನ್ನೂ ಹೆಚ್ಚು. ಅಂಗಡಿಯಲ್ಲಿ ಲೈಟು ಹಾಕಿ ನಿಲ್ಲಿಸಿದ ಗಿಡ ನೋಡಿ ಮರುಳಾಗುವ ಮುಂಚೆ ಈ ಅಟ್ಟವನ್ನು ನೆನಪು ಮಾಡಿಕೊಂಡರೆ ಅರ್ಧ ಆಯ್ಕೆ ಮುಗಿದಂತೆ.

ಈ ಮೂರೂ ಊರು ಕರ್ನಾಟಕದ ಗಡಿಗೆ ಒತ್ತಿಕೊಂಡಿವೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು ನಡೆಯುವ ಸೀಮೆ. ಜಹೀರಾಬಾದ್, ನಾರಾಯಣಖೇಡ್ ಎರಡೂ 2016ರ ಅಕ್ಟೋಬರ್‌ವರೆಗೆ ಮೆದಕ್ ಜಿಲ್ಲೆಯಲ್ಲಿದ್ದವು. ಆ ಮೆದಕ್‌ನ ದೊಡ್ಡ ಚರ್ಚಿನ ಪ್ರತಿಷ್ಠೆ ಆದದ್ದೇ 1924ರ ಕ್ರಿಸ್‌ಮಸ್ ದಿನ. ತಾಂಡೂರಿನ ಕಡೆಯವರಿಗೆ ನವೆಂಬರ್‌ನಲ್ಲಿ ಧಾರೂರಿನ ಮೆಥಡಿಸ್ಟ್ ಜಾತ್ರೆ. ಜಾತ್ರೆ ಮುಗಿಸಿ ಬಂದವರು ಮನೆಗೆ ಸುಣ್ಣ ಬಣ್ಣ ಮಾಡಿಸುತ್ತಾರೆ, ಬಾಗಿಲಿಗೆ ನಕ್ಷತ್ರ ತೂಗುಬಿಡುತ್ತಾರೆ, ಗೋದಲಿಯ ಬೊಂಬೆಗಳನ್ನು ಹೊರಗೆ ತೆಗೆಯುತ್ತಾರೆ. ಗಿಡದ ಮಾತು ಬರುವುದು ಆಗ.

ನಿಜವಾದ ಗಿಡವೇ ಯಾಕಾಗಬಾರದು ಎಂದು ಕೇಳುವವರಿದ್ದಾರೆ. ದಕ್ಷಿಣದ ಚರ್ಚುಗಳಲ್ಲಿ ಸರ್ವೆ ಮರದ ಕೊಂಬೆ ಕಡಿದು ತಂದು ನಿಲ್ಲಿಸುವ ರೂಢಿ ಇದೆ. ಆದರೆ ಕಡಿದ ಸರ್ವೆ ನಮ್ಮ ಒಣ ಹವೆಯಲ್ಲಿ ಬೇಗ ಕಂದಾಗಿ ಉದುರುತ್ತದೆ, ಒಣಗಿದ ಮೇಲೆ ಕಿಡಿ ತಗುಲಿದರೆ ಭಗ್ಗನೆ ಹತ್ತುತ್ತದೆ. ನರ್ಸರಿಯಲ್ಲಿ ‘ಕ್ರಿಸ್‌ಮಸ್ ಟ್ರೀ’ ಎಂದು ಕುಂಡದಲ್ಲಿ ಮಾರುವುದು ಅರಾಕೇರಿಯಾ. ಅದು ಪೆಸಿಫಿಕ್ ಸಾಗರದ ದ್ವೀಪಗಳ ಗಿಡ, ತೇವದ ಗಾಳಿ ಬೇಡುತ್ತದೆ. ಅದರಲ್ಲಿ ಒಂದು ಜಾತಿಗೆ ವಿಚಿತ್ರ ಗುಣವಿದೆ: ಲೋಕದ ಯಾವ ಮೂಲೆಯಲ್ಲಿ ನೆಟ್ಟರೂ ಸಮಭಾಜಕ ವೃತ್ತದ ಕಡೆಗೆ ವಾಲುತ್ತದೆ. ಇಲ್ಲಿ ನೆಟ್ಟರೆ ದಕ್ಷಿಣಕ್ಕೆ. ಅಂಗಳದಲ್ಲಿ ನೆರಳೂ ನೀರೂ ಇದ್ದವರು ಸಾಕಲಿ, ಬೇರೆಯವರಿಗೆ ಪ್ಲಾಸ್ಟಿಕ್ಕೇ ಗತಿ.

ಈ ಪ್ಲಾಸ್ಟಿಕ್ಕಿನಲ್ಲಿ ಎರಡು ಬಗೆ. ಅಗ್ಗದ್ದು ಪಿವಿಸಿ. ಹಸಿರು ಹಾಳೆಯನ್ನು ಸಣ್ಣ ಎಳೆಗಳಾಗಿ ಸೀಳಿ, ಎರಡು ಉಕ್ಕಿನ ತಂತಿಗಳ ನಡುವೆ ಸಿಕ್ಕಿಸಿ, ತಂತಿಯನ್ನು ಹುರಿ ಮಾಡಿದರೆ ಎಳೆಗಳು ಸುತ್ತಲೂ ನಿಮಿರಿ ನಿಲ್ಲುತ್ತವೆ. ಬಾಟಲಿ ತೊಳೆಯುವ ಬ್ರಷ್ಷೂ ಇದೇ ರೀತಿ ಆಗುವುದು. 1930ರ ದಶಕದಲ್ಲಿ ಬ್ರಷ್ ಮಾಡುವ ಯಂತ್ರಗಳಲ್ಲೇ ಇಂಥ ಗಿಡ ಮಾಡತೊಡಗಿದರು ಎನ್ನುತ್ತಾರೆ. ಅದಕ್ಕೂ ಹಿಂದೆ ಜರ್ಮನಿಯಲ್ಲಿ ಹೆಬ್ಬಾತಿನ ಪುಕ್ಕಕ್ಕೆ ಹಸಿರು ಬಣ್ಣ ಕೊಟ್ಟು ತಂತಿಗೆ ಸುತ್ತುತ್ತಿದ್ದರು. ದುಬಾರಿಯದು ಪಿಇ, ಅಂದರೆ ಪಾಲಿಎಥಿಲೀನ್. ಇದನ್ನು ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ. ಹಾಗಾಗಿ ಎಲೆ ದುಂಡಗೆ, ದಪ್ಪಗೆ ನಿಜದ ಸೂಜಿಯೆಲೆಯಂತೆ ಕಾಣುತ್ತದೆ. ಗುರುತಿಸುವುದು ಸುಲಭ. ಬೆರಳಲ್ಲಿ ಹಿಡಿದಾಗ ಚಪ್ಪಟೆ ಕಾಗದದಂತಿದ್ದರೆ ಪಿವಿಸಿ, ದುಂಡಗಿದ್ದರೆ ಪಿಇ. ‘ಮಿಕ್ಸ್’ ಎಂದು ಮಾರುವ ಗಿಡದಲ್ಲಿ ಹೊರತುದಿಗೆ ಪಿಇ ಕೊಟ್ಟು, ಕಾಂಡದ ಹತ್ತಿರ ಕಣ್ಣಿಗೆ ಬೀಳದ ಕಡೆ ಪಿವಿಸಿ ತುಂಬಿರುತ್ತಾರೆ. ಅದು ಮೋಸವಲ್ಲ, ಒಳ್ಳೆಯ ಹಂಚಿಕೆಯೇ.

ದುಬಾರಿಯದೇ ಒಳ್ಳೆಯದು ಎನ್ನಲು ಬೆಂಕಿ ಅಡ್ಡ ಬರುತ್ತದೆ. ಪಿವಿಸಿಯಲ್ಲಿ ಕ್ಲೋರಿನ್ ಇರುವುದರಿಂದ ಕಿಡಿ ದೂರ ಹೋದರೆ ಉರಿ ತಾನೇ ಆರುತ್ತದೆ, ಆದರೆ ಹೊಗೆ ವಿಷ. ಪಿಇ ಮೇಣದ ಹಾಗೆ ಕರಗುತ್ತಾ ಉರಿಯುತ್ತದೆ, ಬೆಂಕಿ ತಡೆಯುವ ರಾಸಾಯನಿಕ ಬೆರೆಸಿದ್ದರೆ ಮಾತ್ರ ಧೈರ್ಯ. ಡಬ್ಬಿಯ ಮೇಲೆ ಆ ಮಾತು ಬರೆದಿದೆಯೇ ನೋಡಬೇಕು. ಯಾವ ಗಿಡವಾದರೂ ಮೇಣದಬತ್ತಿ ಅದರ ಹತ್ತಿರ ಸುಳಿಯಬಾರದು.

ಪಿವಿಸಿಯ ಇನ್ನೊಂದು ತಕರಾರು ಸೀಸ. ಬಿಸಿಲು ಶಾಖಕ್ಕೆ ಪಿವಿಸಿ ಹಾಳಾಗದಿರಲೆಂದು ಹಿಂದೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು, ಅಗ್ಗದ ಮಾಲಿನಲ್ಲಿ ಈಗಲೂ ಇರಬಹುದು. ನೀರಿನ ಪೈಪಿನಲ್ಲಿ ಸೀಸ ತಡೆಯಲು ನಮ್ಮಲ್ಲಿ 2021ರ ನಿಯಮವಿದೆ, ಅದು ಗಿಡಕ್ಕೆ ಅನ್ವಯಿಸುವುದಿಲ್ಲ. ಎಲೆ ಹಳತಾಗಿ ಪುಡಿಯಾದಷ್ಟೂ ಸೀಸ ದೂಳಾಗಿ ಹೊರಬರುತ್ತದೆ. ಮುಟ್ಟಿದರೆ ಹಸಿರು ಪುಡಿ ಕೈಗೆ ಹತ್ತುವ ಹಳೆಯ ಗಿಡವನ್ನು, ಅದರಲ್ಲೂ ತೆವಳುವ ಕೂಸಿರುವ ಮನೆಯಲ್ಲಿ, ಇಟ್ಟುಕೊಳ್ಳಲೇಬಾರದು. ಹೊಸ ಗಿಡವನ್ನಾದರೂ ಬಿಡಿಸಿ ನಿಲ್ಲಿಸಿದ ಮೇಲೆ ಕೈ ತೊಳೆದೇ ಊಟಕ್ಕೆ ಕೂರಬೇಕು.

ಎತ್ತರದ ಲೆಕ್ಕ ಸಣ್ಣದು. ಸ್ಲ್ಯಾಬ್ ಹಾಕಿದ ಮನೆಯಲ್ಲಿ ಸಾಮಾನ್ಯವಾಗಿ ಹತ್ತು ಅಡಿ ಎತ್ತರ ಸಿಗುತ್ತದೆ, ಆದರೆ ಫ್ಯಾನು ಒಂದೂವರೆ ಅಡಿ ಕೆಳಗಿಳಿದಿರುತ್ತದೆ. ಆರು ಅಡಿಯ ಗಿಡಕ್ಕೆ ತಲೆಯ ಮೇಲೊಂದು ನಕ್ಷತ್ರ ಸೇರಿದರೆ ಸಾಕಷ್ಟಾಯಿತು. ಎತ್ತರಕ್ಕಿಂತ ತೊಂದರೆ ಕೊಡುವುದು ಅಗಲ. ಆರಡಿಯ ಮಾಮೂಲಿ ಗಿಡ ಬುಡದಲ್ಲಿ ಮೂರರಿಂದ ನಾಲ್ಕು ಅಡಿ ಹರಡುತ್ತದೆ. ಹತ್ತು–ಹನ್ನೆರಡರ ಪಡಸಾಲೆಯಲ್ಲಿ ಅದನ್ನಿಟ್ಟ ಮೇಲೆ ಕ್ಯಾರಲ್ ಹಾಡುವವರು ಬಂದರೆ ಅರ್ಧ ಜನ ಅಂಗಳದಲ್ಲೇ ನಿಲ್ಲಬೇಕು. ‘ಸ್ಲಿಮ್’ ಎಂದು ಮಾರುವುದು ಎರಡು–ಎರಡೂವರೆ ಅಡಿಯಲ್ಲಿ ಮುಗಿಯುತ್ತದೆ. ಇಲ್ಲವೇ ಐದಡಿಯದು ತಂದು ಹಿಂದಿನ ಕೊಂಬೆಗಳನ್ನು ಬಿಡಿಸದೆ ಗೋಡೆಗೆ ಆನಿಸಬಹುದು, ಆಗ ಭಾರ ಮುಂದಕ್ಕೆ ಬೀಳುವುದರಿಂದ ಕಾಂಡವನ್ನು ಕಿಟಕಿಯ ಸರಳಿಗೆ ಸುತಳಿಯಿಂದ ಕಟ್ಟಲೇಬೇಕು.

ಡಬ್ಬಿಯ ಮೇಲೆ ‘ಟಿಪ್ಸ್’ ಎಂದು ಒಂದು ಸಂಖ್ಯೆ ಇರುತ್ತದೆ. ಅದು ಕೊಂಬೆ ತುದಿಗಳ ಎಣಿಕೆ. ಆರಡಿಯ ಗಿಡದಲ್ಲಿ ತುದಿ ಐದುನೂರಕ್ಕಿಂತ ಕಡಿಮೆಯಿದ್ದರೆ ನಡುವಿನ ಕಂಬ ಕಾಣುತ್ತದೆ. ಆದರೆ ತುದಿ ಉದ್ದವೋ ಗಿಡ್ಡವೋ ಎನ್ನುವುದನ್ನು ಸಂಖ್ಯೆ ಹೇಳುವುದಿಲ್ಲ. ಮೊಬೈಲಿನಲ್ಲಿ ನೋಡಿ ತರಿಸುವವರು ಅಲಂಕಾರವಿಲ್ಲದ ಬರಿ ಗಿಡದ ಫೋಟೊ ಇದೆಯೇ ಹುಡುಕಿ, ಕೊಂಡವರು ಮನೆಯಲ್ಲಿ ತೆಗೆದು ಹಾಕಿದ್ದಾದರೆ ಇನ್ನೂ ಮೇಲು. ಕೊಂಬೆಗಳು ಕಂಬಕ್ಕೆ ಕೀಲಿನಿಂದ ಸೇರಿವೆಯೋ, ಒಂದೊಂದಾಗಿ ಕೊಂಡಿ ಹಾಕುವ ಬಗೆಯೋ ಎಂದೂ ಕೇಳಬೇಕು. ಕೀಲಿನದಾದರೆ ನಿಲ್ಲಿಸಿದೊಡನೆ ಕೊಂಬೆ ತಾನೇ ಕೆಳಗಿಳಿದು ಹರಡಿಕೊಳ್ಳುತ್ತದೆ. ಕೊಂಡಿಯದು ಅಗ್ಗ, ಆದರೆ ಯಾವ ಕೊಂಬೆ ಯಾವ ಸಾಲಿಗೆ ಎಂದು ತೋರಿಸುವ ಬಣ್ಣದ ಚುಕ್ಕೆ ಎರಡೇ ವರ್ಷದಲ್ಲಿ ಅಳಿಸಿಹೋಗಬಹುದು.

ಇನ್ನು ಕಾಲು. ನಮ್ಮ ಕಡೆಯ ನೆಲ ಪರಸಿ ಕಲ್ಲಿನದು, ತಾಂಡೂರಿನಲ್ಲಂತೂ ಕೇಳುವುದೇ ಬೇಡ. ಹಳೆಯ ಮನೆಯ ಪರಸಿ ಎಲ್ಲೂ ಒಂದೇ ಮಟ್ಟಕ್ಕಿರುವುದಿಲ್ಲ, ಒಂದು ಕಲ್ಲಿನಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟು ಏರಿಳಿತ ಇದ್ದೇ ಇರುತ್ತದೆ. ಅಂಥ ನೆಲದಲ್ಲಿ ನಾಲ್ಕು ಕಾಲಿನ ಸ್ಟ್ಯಾಂಡ್ ಕುಂಟುತ್ತದೆ, ಮೂರು ಕಾಲಿನದು ಎಂದೂ ಕುಂಟದು. ಆದರೆ ಪಕ್ಕದಿಂದ ದೂಡಿದರೆ ಬೇಗ ಉರುಳುವುದೂ ಮೂರು ಕಾಲಿನದೇ. ಮಕ್ಕಳೋ ಬೆಕ್ಕೋ ಇರುವ ಮನೆಗೆ ಅಗಲ ಕಾಲಿನ ಕಬ್ಬಿಣದ ನಾಲ್ಕು ಕಾಲಿನ ಸ್ಟ್ಯಾಂಡ್ ತಂದು, ಕುಂಟುವ ಕಾಲಿಗೆ ರಬ್ಬರಿನ ತುಂಡು ಕೊಡುವುದು ನನ್ನ ಆಯ್ಕೆ. ಎರಡು–ಮೂರು ಅಡಿಯ ಗಿಡಕ್ಕೆ ಪ್ಲಾಸ್ಟಿಕ್ ಕಾಲು ನಡೆಯುತ್ತದೆ, ನಾಲ್ಕು ಅಡಿ ದಾಟಿದರೆ ಬೇಡ. ಕಬ್ಬಿಣದ ಕಾಲಿನ ಕೆಳಗೆ ಬಟ್ಟೆ ಹಾಸದೆ ನೆಲ ತೊಳೆದರೆ ಪರಸಿಯ ಮೇಲೆ ತುಕ್ಕಿನ ಗುರುತು ಕೂರುತ್ತದೆ. ಅದನ್ನು ತೆಗೆಯಲು ನಿಂಬೆಹಣ್ಣು ಉಜ್ಜಬೇಡಿ. ಪರಸಿ ಸುಣ್ಣದ ಕಲ್ಲು, ಹುಳಿ ತಾಗಿದರೆ ಹೊಳಪೇ ಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಲೈಟಿನ ಬಗ್ಗೆ. ಬಜಾರಿನಲ್ಲಿ ಸಿಗುವ ಸೀರಿಯಲ್ ಸೆಟ್ಟಿನಲ್ಲಿ ಒಂದೊಂದು ಎಲ್‌ಇಡಿಗೆ ಬೇಕಿರುವುದು ಎರಡು–ಮೂರು ವೋಲ್ಟ್ ಅಷ್ಟೇ. ಹತ್ತಾರು ಎಲ್‌ಇಡಿಗಳನ್ನು ಒಂದರ ಹಿಂದೆ ಒಂದು ಜೋಡಿಸಿ ನೇರವಾಗಿ 230 ವೋಲ್ಟಿನ ಪ್ಲಗ್ಗಿಗೆ ಕೊಡುತ್ತಾರೆ. ದೀಪ ಪುಟ್ಟದು, ತಂತಿಯಲ್ಲಿರುವುದು ಮಾತ್ರ ಮನೆಯ ಪೂರ್ತಿ ವೋಲ್ಟೇಜು. ಗಿಡದ ಎಲೆ ಪ್ಲಾಸ್ಟಿಕ್ಕಾದರೂ ಒಳಗಿನ ಎಲುಬೆಲ್ಲ ಉಕ್ಕು: ಕೊಂಬೆಯ ತಂತಿ ಕೀಲಿಗೆ, ಕೀಲು ಕಂಬಕ್ಕೆ, ಕಂಬ ಸ್ಟ್ಯಾಂಡಿಗೆ. ಸೆಟ್ಟಿನ ತಂತಿಯ ಸಿಪ್ಪೆ ಎಲ್ಲೋ ಒಂದು ಕಡೆ ಇಲಿ ಕಡಿದೋ ಕೊಂಬೆಯ ಚೂಪಿಗೆ ತರಚಿಯೋ ಹೋಗಿದ್ದರೆ ಇಡೀ ಗಿಡಕ್ಕೆ ಕರೆಂಟು ಬರಬಹುದು. ಒಣ ಪರಸಿಯ ಮೇಲೆ ಗಿಡ ಸುಮ್ಮನೆ ನಿಂತಿರುತ್ತದೆ, ಯಾರೋ ಒದ್ದೆ ಕಾಲಲ್ಲಿ ಬಂದು ಮುಟ್ಟುವವರೆಗೆ. ಅಮೆರಿಕದಲ್ಲಿ 1960ರ ಸುಮಾರಿಗೆ ಅಲ್ಯುಮಿನಿಯಂ ಗಿಡದ ಹುಚ್ಚು ಹತ್ತಿದಾಗ ಇದೇ ಭಯಕ್ಕೆ ಅದರ ಮೇಲೆ ಲೈಟಿನ ಸರ ಹಾಕಬೇಡಿರೆಂದರು, ದೂರದಲ್ಲೊಂದು ದೀಪ ಇಟ್ಟು ಅದರ ಮುಂದೆ ಬಣ್ಣದ ಚಕ್ರ ತಿರುಗಿಸಿದರು.

ನಮಗೆ ಚಕ್ರ ಬೇಕಿಲ್ಲ. ಅಡಾಪ್ಟರ್ ಇರುವ ಅಥವಾ ಯುಎಸ್‌ಬಿಗೆ ಹಾಕುವ 5 ವೋಲ್ಟಿನ ಸರ ಕೊಂಡರೆ ಸಾಕು, ಸಿಪ್ಪೆ ಹೋದರೂ ಗಿಡ ಮುಟ್ಟಿದವರಿಗೆ ಏನೂ ಆಗದು. ಮೊಬೈಲಿನ ಚಾರ್ಜರೇ ನಡೆಯುತ್ತದೆ, ಬಿಐಎಸ್ ಗುರುತಿರುವ ಒಳ್ಳೆಯ ಚಾರ್ಜರ್ ಇರಲಿ. 24ರ ರಾತ್ರಿ ಕರೆಂಟು ಹೋದರೆ ಪವರ್ ಬ್ಯಾಂಕಿಗೆ ಸಿಕ್ಕಿಸಬಹುದು. ತೀರ ಕಡಿಮೆ ಕರೆಂಟು ಎಳೆಯುವ ಸರವಾದರೆ ಕೆಲವು ಪವರ್ ಬ್ಯಾಂಕ್‌ಗಳು ಏನೂ ಸಿಕ್ಕಿಸಿಲ್ಲವೆಂದು ತಿಳಿದು ತಾವೇ ಆಫ್ ಆಗಿಬಿಡುತ್ತವೆ. ಹಬ್ಬಕ್ಕೆ ಮುಂಚೆ ಒಮ್ಮೆ ಹಚ್ಚಿ ನೋಡಿಟ್ಟುಕೊಳ್ಳಿ. ಲೈಟು ಮೊದಲೇ ಕೂರಿಸಿದ ಗಿಡ, ತುದಿಯಲ್ಲಿ ಬಣ್ಣ ಮಿನುಗುವ ಫೈಬರ್ ಗಿಡ ಎರಡನ್ನೂ ನಾನು ಕೊಳ್ಳಲಾರೆ. ಲೈಟು ಕೆಟ್ಟ ದಿನ ಗಿಡವೂ ಕೆಟ್ಟಂತೆ, ರಿಪೇರಿಗೆ ಬಿಡಿಭಾಗ ಬೀದರ್‌ನಲ್ಲೂ ಸಿಗುವುದು ಕಷ್ಟ. ಹಿಮ ಮೆತ್ತಿದ ಬಿಳಿ ಗಿಡವೂ ಬೇಡ. ಅಂಟಿನ ಪುಡಿ ಉದುರುತ್ತದೆ, ಉಳಿದದ್ದು ನಮ್ಮ ದೂಳಿಗೆ ಹಳದಿಯಾಗುತ್ತದೆ.

ದೂಳಿನದೇ ಒಂದು ಕತೆ. ಪಿವಿಸಿ ತಿಕ್ಕಿದಷ್ಟೂ ವಿದ್ಯುದಂಶ ಹಿಡಿದಿಟ್ಟುಕೊಂಡು ದೂಳನ್ನು ಸೆಳೆಯುತ್ತದೆ. ತಾಂಡೂರಿನಲ್ಲಿ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಕಾರ್ಖಾನೆಗಳ ಹತ್ತಿರ ಮನೆಯಿದ್ದವರ ಗಿಡದ ಮೇಲೆ ಬಿಳಿ ಪುಡಿ ಕೂರುತ್ತದೆ. ಅದರ ಮೇಲೆ ನೇರವಾಗಿ ಒದ್ದೆ ಬಟ್ಟೆ ಹಾಕಿದರೆ ಕಲ್ಲಿನ ಪುಡಿ ಕೆಸರಾಗಿ ಎಲೆಗೆ ಮೆತ್ತಿ, ಒಣಗಿ, ಬಿಡಿಸಲು ಬಾರದ ಪದರವಾಗುತ್ತದೆ. ಮೊದಲು ಅಂಗಳಕ್ಕೆ ಒಯ್ದು ಒಣ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಝಾಡಿಸಿ, ಆಮೇಲೆ ಹಿಂಡಿದ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಪೂರ್ತಿ ಒಣಗಿಸಿಯೇ ಕಟ್ಟಿಡಬೇಕು.

ಕಟ್ಟಿಡುವುದಕ್ಕೆ ಬಂದ ರಟ್ಟಿನ ಡಬ್ಬಿ ಇಲಿಗೆ ಲೆಕ್ಕವೇ ಅಲ್ಲ. ಕೊಂಬೆಗಳನ್ನು ಮೇಲ್ಮುಖವಾಗಿ ಮಡಿಚಿ, ಹಳೆ ಸೀರೆಯಲ್ಲಿ ಸುತ್ತಿ, ತಗಡಿನ ಟ್ರಂಕಿನಲ್ಲಿಟ್ಟು ಮಂಚದ ಕೆಳಗೆ ತಳ್ಳಿದರೆ ಇಲಿಯೂ ಇಲ್ಲ, ಅಟ್ಟದ ಕಾವೂ ಇಲ್ಲ. ಕಾವಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ಕಿನ ಮೇಲೆ ಭಾರ ಬಿದ್ದರೆ ಎಲೆಗಳು ಒಂದೇ ಮಗ್ಗುಲಿಗೆ ಒರಗಿ ಹಾಗೆಯೇ ನಿಂತುಬಿಡುತ್ತವೆ. ಆದ್ದರಿಂದ ಟ್ರಂಕಿನೊಳಗೆ ಗಿಡದ ಮೇಲೆ ಬೇರೇನೂ ಇಡಬಾರದು. ಕೊಳ್ಳುವಾಗಲೇ ಮನೆಯ ಟ್ರಂಕಿನ ಉದ್ದ ಅಳೆದುಕೊಂಡು ಹೋಗಿ. ಮೂರು ತುಂಡಾಗಿ ಬಿಚ್ಚುವ ಆರಡಿಯ ಗಿಡ ಎರಡು ತುಂಡಿನದಕ್ಕಿಂತ ಗಿಡ್ಡ ಪೆಟ್ಟಿಗೆಯಲ್ಲಿ ಹಿಡಿಸುತ್ತದೆ, ಬಸ್ಸಿನಲ್ಲಿ ತರುವುದಕ್ಕೂ ಸಲೀಸು. ಹೈದರಾಬಾದಿನ ಬೇಗಂ ಬಜಾರ್‌ನಿಂದಲೋ ಸಿಕಂದರಾಬಾದಿನ ಜನರಲ್ ಬಜಾರ್‌ನಿಂದಲೋ ಹೊತ್ತು ತರುವವರಿಗೆ, ಅದರಲ್ಲೂ ರೈಲಿಲ್ಲದ ನಾರಾಯಣಖೇಡ್‌ನವರಿಗೆ ಇದು ಸಣ್ಣ ಮಾತಲ್ಲ. ಊರಿನ ಫ್ಯಾನ್ಸಿ ಅಂಗಡಿಯಲ್ಲಿ ಆಯ್ಕೆ ಕಡಿಮೆ, ಆದರೆ ಬಿಚ್ಚಿ ನಿಲ್ಲಿಸಿ ತೋರಿಸೆಂದು ಕೇಳಬಹುದು. ಕೇಳಿ, ಸಂಕೋಚ ಬೇಡ. ಕೀಲು ಸಡಿಲವೋ, ಕಂಬ ವಾಲುವುದೋ ಅಲ್ಲೇ ಗೊತ್ತಾಗುತ್ತದೆ.

ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಲೆಕ್ಕದಂತೆ ಎರಡು ಮೀಟರಿನ ಪ್ಲಾಸ್ಟಿಕ್ ಗಿಡವೊಂದರ ಹಿಂದೆ ಸುಮಾರು 40 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊಗೆ ಇದೆ. ಕಡಿದ ಗಿಡಕ್ಕಿಂತ ಮೇಲೆನಿಸಬೇಕಾದರೆ ಹತ್ತು ವರ್ಷವಾದರೂ ಅದನ್ನು ಬಳಸಬೇಕು. ಎರಡು ಹಬ್ಬಕ್ಕೆ ಬೇಸತ್ತು ಬಿಸಾಡುವುದಾದರೆ ನಕ್ಷತ್ರವೊಂದೇ ಸಾಕು, ಗಿಡ ಕೊಳ್ಳಬೇಡಿ.

ಹಾಳಾದ ಗಿಡವನ್ನು ಸುಡುವುದಂತೂ ಬೇಡ. ಪಿವಿಸಿ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹಬೆ, ಡಯಾಕ್ಸಿನ್ ಎರಡೂ ಬರುತ್ತವೆ. ಗುಜರಿಯವರಿಗೆ ಕಂಬ, ಸ್ಟ್ಯಾಂಡಿನ ಕಬ್ಬಿಣ ಬೇಕು, ಎಲೆ ಬೇಡ. ತೊಟ್ಟ ಅಲಂಕಾರದ ಭಾರವನ್ನೆಲ್ಲ ಹೊರುವುದು ಕೆಳಗಿನ ತುಂಡು, ಮೊದಲು ಸೋಲುವುದೂ ಸಾಮಾನ್ಯವಾಗಿ ಅದೇ. ಮೇಲಿನ ತುಂಡು ಗಟ್ಟಿಯಾಗೇ ಉಳಿದಿದ್ದರೆ ಮರಳು ತುಂಬಿದ ಕುಂಡದಲ್ಲಿ ಊರಿ, ಗೋದಲಿಯ ಪಕ್ಕ ಮೇಜಿನ ಮೇಲಿಡಬಹುದು. ಕೆಳಗಿನ ಕೊಂಬೆಗಳನ್ನು ಕತ್ತರಿಸಿ ಒಂದಕ್ಕೊಂದು ಹೆಣೆದರೆ ಬಾಗಿಲಿಗೆ ತೋರಣವಾಗುತ್ತದೆ. ಕತ್ತರಿಸಿದ ತಂತಿಯ ತುದಿಗಳನ್ನು ಒಳಕ್ಕೆ ಮಡಿಚಿ ಟೇಪು ಸುತ್ತಿರಿ, ಇಲ್ಲದಿದ್ದರೆ ಒಳಗೆ ಬರುವವರ ಸೆರಗಿಗೆ ಸಿಕ್ಕುತ್ತವೆ.