ಹಿಮಗರ್ಭದಿಂದ ಎದ್ದುಬಂದ ವಿಮಾನ

ಹಳೆಯ ಮನೆಯನ್ನು ಬಿಚ್ಚಿ, ಗೆದ್ದಲು ತಿಂದ ಮರವನ್ನು ಮಾತ್ರ ತೆಗೆದುಹಾಕಿ, ಉಳಿದ ಕಂಬ ತೊಲೆಗಳನ್ನೇ ಮರಳಿ ನಿಲ್ಲಿಸಿದರೆ ಅದು ಅಜ್ಜನ ಮನೆಯೋ ಹೊಸ ಮನೆಯೋ ಎಂಬ ಚರ್ಚೆಯನ್ನು ನಾವೆಲ್ಲರೂ ಜಗುಲಿಯ ಮೇಲೆ ಕೇಳಿರುವೆವು. ಅಂತಹುದೇ ಚರ್ಚೆಗೆ ಎಡೆಗೊಟ್ಟ ಒಂದು ಯುದ್ಧವಿಮಾನದ ವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ.

ದ್ವಿತೀಯ ಮಹಾಯುದ್ಧದ ಕಾಲ. ೧೯೪೨ನೆಯ ಇಸವಿ ಜುಲೈ ೧೫. ಅಮೆರಿಕದಿಂದ ಇಂಗ್ಲೆಂಡಿಗೆ ಹೊರಟಿದ್ದ ಆರು ಪಿ-೩೮ ಕಾಳಗದ ವಿಮಾನಗಳೂ ಎರಡು ಬಿ-೧೭ ಬಾಂಬು ವಿಮಾನಗಳೂ ದುರ್ಹವೆಗೆ ಸಿಕ್ಕಿ ಹಿಂದಿರುಗುವಷ್ಟರಲ್ಲಿ, ಎಣ್ಣೆ ತೀರುತ್ತ ಬಂದು, ಗ್ರೀನ್‌ಲೆಂಡಿನ ಹಿಮದ ಬಯಲಿನ ಮೇಲೆ ಇಳಿಯಬೇಕಾಯಿತು. ಮೊದಲಿಗನು ಚಕ್ರಗಳನ್ನು ಇಳಿಬಿಟ್ಟು ನೆಲ ಮುಟ್ಟಿದನು. ಚಕ್ರ ಹಿಮದಲ್ಲಿ ಹೂತು ವಿಮಾನ ಮಗುಚಿತು. ಅದನ್ನು ಕಂಡು ಉಳಿದವರು ಚಕ್ರ ಮಡಿಸಿ, ವಿಮಾನವನ್ನು ಹೊಟ್ಟೆಯ ಮೇಲೆ ಜಾರಿಸಿದರು. ಇಪ್ಪತ್ತೈದು ಮಂದಿಯೂ ಬದುಕಿ, ಸುಮಾರು ಹತ್ತು ದಿನಗಳ ತರುವಾಯ ರಕ್ಷಿತರಾದರು. ವಿಮಾನಗಳನ್ನು ಅಲ್ಲಿಯೇ ಬಿಟ್ಟುಬರಬೇಕಾಯಿತು.

ಸುಮಾರು ನಾಲ್ವತ್ತು ವರ್ಷಗಳ ಮೇಲೆ ಪ್ಯಾಟ್ ಎಪ್ಸ್, ರಿಚರ್ಡ್ ಟೇಲರ್ ಎಂಬ ಗೆಳೆಯರು ಇವನ್ನು ಅರಸಹೊರಟರು. ರೆಕ್ಕೆಗಳ ಮೇಲಿನ ಹಿಮವನ್ನು ಗುಡಿಸಿ, ಎಣ್ಣೆ ತುಂಬಿ, ಹಾರಿಸಿಕೊಂಡು ಬರಬಹುದೆಂದು ಅವರ ಎಣಿಕೆ! ಆದರೆ ವರ್ಷವರ್ಷವೂ ಬಿದ್ದ ಹಿಮವು ಗಟ್ಟಿಯಾಗಿ ನೀರ್ಗಲ್ಲಾಗಿ, ವಿಮಾನಗಳು ೨೬೮ ಅಡಿ ಕೆಳಕ್ಕೆ ಹೋಗಿದ್ದುವು. ನೀರ್ಗಲ್ಲು ಮೆಲ್ಲನೆ ಹರಿಯತಕ್ಕದ್ದಾದುದರಿಂದ, ಇಳಿದ ಸ್ಥಳದಿಂದ ಮೈಲಿಗೂ ಹೆಚ್ಚು ದೂರ ಸರಿದೂ ಇದ್ದುವು. ೧೯೮೮ರಲ್ಲಿ ರೇಡಾರಿನಿಂದ ಅವುಗಳ ನೆಲೆ ತಿಳಿಯಿತು. ತಾಮ್ರದ ಕೊಳವೆ ಸುತ್ತಿದ ಶಂಕುವಿನಲ್ಲಿ ಬಿಸಿನೀರು ಹರಿಸಿ, ನಾಲ್ಕು ಅಡಿ ಅಗಲದ ಬಾವಿಯನ್ನು ಕರಗಿಸುತ್ತ ಇಳಿದರು. ೧೯೯೦ರಲ್ಲಿ ದೊರೆತ ಬಾಂಬು ವಿಮಾನವು ಮಂಜಿನ ಭಾರಕ್ಕೆ ಜಜ್ಜಿಹೋಗಿದ್ದಿತು. ಬೇರೆಯವರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು. ಇವರು ೧೯೯೨ರಲ್ಲಿ ಒಂದು ಪಿ-೩೮ನ್ನು ಮುಟ್ಟಿ, ಬಿಸಿನೀರಿನಿಂದ ಸುತ್ತಲೂ ಗವಿ ಕೊರೆದು, ಬಿಚ್ಚಿ, ತುಂಡುತುಂಡಾಗಿ ಮೇಲಕ್ಕೆಳೆದರು. ನಡುಭಾಗವೊಂದೇ ಸುಮಾರು ಮೂರು ಟನ್ನು ತೂಗಿತು.

ನಿಜವಾದ ಕಷ್ಟ ತೊಡಗಿದುದು ಇದಾದ ಮೇಲೆ. ರಾಯ್ ಶಾಫ್ನರ್ ಎಂಬ ವರ್ತಕರು ಹಣ ಒದಗಿಸಲು, ಕೆಂಟಕಿ ಪ್ರಾಂತದ ಮಿಡಲ್ಸ್‌ಬರೋ ಊರಿನಲ್ಲಿ ಕೆಲಸ ನಡೆಯಿತು. ಮೇಲುನೋಟಕ್ಕೆ ಗಟ್ಟಿಯಾಗಿ ಕಂಡುದೂ ಒಳಗೆ ಬಾಗಿದ್ದಿತು. ಬಣ್ಣ ಬಳಿದು ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸುವ ವಿಮಾನದೊಳಗೆ ಬಿರುಕಿದ್ದರೂ ಹಾನಿಯಿಲ್ಲ. ಹಾರತಕ್ಕ ವಿಮಾನದಲ್ಲಿ ಕೂದಲೆಳೆಯಷ್ಟು ಬಿರುಕಾದರೂ ಪ್ರಾಣಕ್ಕೆ ಎರವು. ಆದುದರಿಂದ ರಿವೆಟ್ಟುಗಳನ್ನು ಕಿತ್ತು, ತಗಡುಗಳನ್ನು ಬೇರ್ಪಡಿಸಿ, ಒಂದೊಂದನ್ನೂ ಪರೀಕ್ಷಿಸಬೇಕಾಯಿತು. ಉಳಿಸಬಹುದಾದುದನ್ನು ತಿದ್ದಿದರು, ಕೆಟ್ಟುದನ್ನೇ ಮಾದರಿಯಾಗಿಟ್ಟುಕೊಂಡು ಹೊಸದನ್ನು ಮಾಡಿದರು. ಇದರಲ್ಲಿ ಎರಡು ಅಲಿಸನ್ ಯಂತ್ರಗಳು; ಒಂದೊಂದಕ್ಕೂ ಹನ್ನೆರಡು ಸಿಲಿಂಡರುಗಳು; ಎರಡು ಪ್ರೊಪೆಲ್ಲರುಗಳೂ ಒಂದಕ್ಕೊಂದು ಎದುರಾಗಿ ತಿರುಗತಕ್ಕವು. ಯುದ್ಧಕಾಲದಲ್ಲಿ ಸುಮಾರು ಹತ್ತು ಸಾವಿರ ತಯಾರಾಗಿದ್ದ ಈ ಜಾತಿಯಲ್ಲಿ ಹಾರುವ ಸ್ಥಿತಿಯಲ್ಲಿ ಉಳಿದವು ಬಹು ಸ್ವಲ್ಪ.

ಕೊಲ್ಲುವುದಕ್ಕೆಂದು ಮಾಡಿದ ಯಂತ್ರಕ್ಕೆ ಇಷ್ಟು ಹಣವೇಕೆಂದು ನಮಗೂ ತೋರದೆ ಇರಲಿಲ್ಲ. ಆದರೆ ಹತ್ತು ವರ್ಷಗಳ ಕಾಲ ತಗಡು ತಟ್ಟಿದವರ ತಾಳ್ಮೆಯನ್ನು ನೆನೆದಾಗ ಆ ಆಕ್ಷೇಪಣೆಯನ್ನು ಜೋರಾಗಿ ಹೇಳಲು ಬಾಯಿ ಬಾರದು. ಹೊಸ ಭಾಗಗಳೆಷ್ಟೋ ಸೇರಿದುವಲ್ಲ, ಇದು ಆ ವಿಮಾನವೇ ಹೌದೇ ಎಂದು ಕೇಳುವವರಿದ್ದಾರೆ. ಹಳೆಯ ಕಂಬಗಳು ನಿಂತಿರುವವರೆಗೆ ಅದು ಅಜ್ಜನ ಮನೆಯೇ ಎಂದು ನಮ್ಮ ಪಕ್ಷ.

‘ಗ್ಲೇಸಿಯರ್ ಗರ್ಲ್’, ಎಂದರೆ ನೀರ್ಗಲ್ಲಿನ ಹುಡುಗಿ, ಎಂದು ಹೆಸರು ಪಡೆದ ಈ ವಿಮಾನವನ್ನು ೨೦೦೨ನೆಯ ಅಕ್ಟೋಬರ್ ೨೬ರಂದು ಸ್ಟೀವ್ ಹಿಂಟನ್ ಎಂಬ ವಿಮಾನಚಾಲಕರು ಸಹಸ್ರಾರು ಜನರೆದುರಿಗೆ ಆಕಾಶಕ್ಕೇರಿಸಿದರು. ಅರ್ಧಕ್ಕೆ ನಿಂತ ಪ್ರಯಾಣವನ್ನು ಮುಗಿಸಬೇಕೆಂದು ೨೦೦೭ರಲ್ಲಿ ಅದನ್ನು ಮತ್ತೆ ಇಂಗ್ಲೆಂಡಿನ ದಾರಿ ಹಿಡಿಸಿದರು. ಕೆನಡಾ ದೇಶದ ಗೂಸ್ ಬೇ ಎಂಬಲ್ಲಿಗೆ ಬರುವಷ್ಟರಲ್ಲಿ ಯಂತ್ರ ಕೆಟ್ಟಿತು. ಆ ಸಲವೂ ಇಂಗ್ಲೆಂಡು ಸಿಕ್ಕಲಿಲ್ಲ.